ನೆರಳು, ನೀರು, ‘ಸದ್ದಲೇ’: ಟೀಮ್ ಕಟ್ಟೋಕೆ ನಮ್ಮ ಸೀಮೆಯ ಪಾಠ

ಮುಂದಿನ ಸಲ ಟೀಮ್ ಮೀಟಿಂಗ್ ಮುಗಿದಾಗ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಕಾಲ್‌ನಲ್ಲಿ ಹತ್ತು ಜನ ಇದ್ದರು ಅಂತಿಟ್ಕೊಳ್ಳಿ. ಮಾತಾಡಿದವರು ಎಷ್ಟು? ಬಹುಶಃ ಮೂರು. ಉಳಿದ ಏಳು ಜನ ಮ್ಯೂಟ್‌ನಲ್ಲಿದ್ದರು. ಕೊನೆಗೆ ಮ್ಯಾನೇಜರ್ ‘ಎನಿ ಕ್ವೆಶ್ಚನ್ಸ್?’ ಅಂತ ಕೇಳಿದರು, ನಾಲ್ಕು ಸೆಕೆಂಡ್ ಕಾದರು, ‘ಓಕೆ, ಥ್ಯಾಂಕ್ಯೂ’ ಅಂದರು. ಎಲ್ಲರಿಗೂ ಅವಕಾಶ ಕೊಟ್ಟ ಹಾಗಾಯ್ತಾ?

ಆ ಏಳು ಜನ ಸುಮ್ಮನಿದ್ದದ್ದಕ್ಕೆ ಏಳು ಕಾರಣ ಇರಬಹುದು. ಒಬ್ಬರು ಇಂಗ್ಲಿಷ್‌ನಲ್ಲಿ ವಾಕ್ಯ ಜೋಡಿಸ್ಕೊಳ್ಳೋಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತೆ. ಇನ್ನೊಬ್ಬರು ಡೇಕೇರ್‌ನಿಂದ ಮಗುವನ್ನ ಕರ್ಕೊಂಡು ಬರೋ ದಾರಿಯಲ್ಲಿ, ಆಟೋ ಸದ್ದಿನ ನಡುವೆ ಕೇಳ್ತಿರ್ತಾರೆ. ಮತ್ತೊಬ್ಬರು ಮಿನಿಟ್ಸ್ ಬರೀತಿರ್ತಾರೆ. ಬರೆಯೋ ಕೆಲಸ ಬಿದ್ದವರಿಗೆ ಬಾಯಿ ತೆರೆಯೋಕೆ ಪುರುಸೊತ್ತೆಲ್ಲಿ? ಹೋದ ತಿಂಗಳು ತಾವು ಹೇಳಿದ ಐಡಿಯಾ ಈ ತಿಂಗಳು ಬೇರೆಯವರ ಸ್ಲೈಡ್‌ನಲ್ಲಿ ಬಂದದ್ದನ್ನ ನೋಡಿ ‘ಹೋಗ್ಲಿ ಬಿಡು’ ಅಂತ ಸುಮ್ಮನಾದವರೂ ಅಲ್ಲಿರ್ತಾರೆ.

ಇದಕ್ಕೆ ಕಂಪನಿಗಳಲ್ಲಿ ದೊಡ್ಡ ಹೆಸರುಗಳಿವೆ: ಡೈವರ್ಸಿಟಿ, ಇಕ್ವಿಟಿ, ಇನ್‌ಕ್ಲೂಷನ್. ವರ್ಷಕ್ಕೊಂದು ಆನ್‌ಲೈನ್ ಟ್ರೈನಿಂಗ್ ಇರುತ್ತೆ, ಕೊನೆಗೊಂದು ಕ್ವಿಜ್. ಕ್ವಿಜ್‌ನಲ್ಲಿ ಎಲ್ಲರೂ ಪಾಸ್. ಮಾರನೇ ದಿನದ ಮೀಟಿಂಗ್‌ನಲ್ಲಿ ಮತ್ತೆ ಅದೇ ಮೂರು ದನಿ.

ಯಾಕಂದ್ರೆ ಆ ಟ್ರೈನಿಂಗ್‌ಗಳು ನಮ್ಮ ಮನಸ್ಸನ್ನ ಒಳ್ಳೇದು ಮಾಡೋಕೆ ಹೊರಡ್ತವೆ. ಮನಸ್ಸು ಒಳ್ಳೇದಿರೋದು ಬೇಕೇ ಬೇಕು. ಆದರೆ ಎಲ್ಲರೂ ಸಮನಾಗಿ ಸೇರಿ ಕೆಲಸ ಮಾಡೋದು ಒಳ್ಳೆ ಮನಸ್ಸಿಗಿಂತ ಹೆಚ್ಚಾಗಿ ಒಳ್ಳೆ ಏರ್ಪಾಟಿನ ವಿಷಯ. ಇದನ್ನ ಅರ್ಥ ಮಾಡ್ಕೊಳ್ಳೋಕೆ ವಿದೇಶಿ ಪುಸ್ತಕವೇ ಬೇಕಿಲ್ಲ. ನನ್ನೂರು ಹೊಳಲು, ಹೂವಿನಹಡಗಲಿ ತಾಲ್ಲೂಕು. ಸುತ್ತಲೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ. ಇಲ್ಲಿ ಜನ ಕೂಡಿ ಕೆಲಸ ಮಾಡಿದ ರೀತಿಯಲ್ಲಿ ನಮ್ಮ ಕಾಲ್‌ಗಳಿಗೂ ಬೇಕಾದ ಪಾಠ ಇದೆ. ಯಾವುದು ಕೆಲಸ ಮಾಡ್ತು, ಯಾವುದು ಮಾಡಲಿಲ್ಲ, ಎರಡೂ.

ಮುಯ್ಯಾಳು: ದಿನಕ್ಕೆ ದಿನ

ಮೊದಲನೇದು ಮುಯ್ಯಾಳು. ಹಳ್ಳಿ ಕಡೆಯವರಿಗೆ ಈ ಪದ ಗೊತ್ತಿರುತ್ತೆ. ಇವತ್ತು ನಿಮ್ಮ ಹೊಲದಲ್ಲಿ ಕಳೆ ತೆಗೆಯೋಕೆ ನಾನು ಬರ್ತೀನಿ, ನಾಳಿದ್ದು ನನ್ನ ಹೊಲಕ್ಕೆ ನೀವು ಬರ್ತೀರಿ. ದುಡ್ಡಿನ ಮಾತಿಲ್ಲ. ದಿನಕ್ಕೆ ದಿನ, ಆಳಿಗೆ ಆಳು. ಹದ ಮಳೆ ಬಿದ್ದ ಎರಡು-ಮೂರು ದಿನದಲ್ಲಿ ಬಿತ್ತನೆ ಮುಗೀಬೇಕು. ಒಂದೇ ಮನೆಯ ಕೈ ಸಾಲಲ್ಲ. ಅದಕ್ಕೆ ಹುಟ್ಟಿದ ಏರ್ಪಾಟು ಇದು.

ಇದರಲ್ಲಿ ಒಂದು ಸೊಗಸಿದೆ. ಯಾರೂ ಯಾರಿಗೂ ಉಪಕಾರ ಮಾಡ್ತಿಲ್ಲ. ನೆನಪಿಡೋ ಲೆಕ್ಕ ಇದೆ, ಕೊಟ್ಟದ್ದು ತಿರುಗಿ ಬರುತ್ತೆ ಅನ್ನೋ ನಂಬಿಕೆ ಇದೆ. ನಮ್ಮ ಕೆಲಸದಲ್ಲೂ ಒಬ್ಬರ ಕೋಡ್ ಇನ್ನೊಬ್ಬರು ರಿವ್ಯೂ ಮಾಡೋದು, ಒಬ್ಬರು ರಜೆ ಹೋದಾಗ ಇನ್ನೊಬ್ಬರು ಆನ್‌ಕಾಲ್ ನೋಡ್ಕೊಳ್ಳೋದು ಮುಯ್ಯಾಳೇ. ಆದರೆ ಲೆಕ್ಕ ಯಾರೂ ಇಡಲ್ಲ. ಹಾಗಾಗಿ ರಿವ್ಯೂ ಮಾಡೋರು ಯಾವಾಗಲೂ ಅದೇ ಇಬ್ಬರು, ಮಾಡಿಸ್ಕೊಳ್ಳೋರು ಉಳಿದವರು.

ಮುಯ್ಯಾಳಿಗೆ ಒಂದು ಕೊರತೆಯೂ ಇದೆ. ಅದು ಹೊಲ ಇದ್ದವರ ನಡುವಿನ ಲೆಕ್ಕ. ಹೊಲವೇ ಇಲ್ಲದವರ ಹತ್ತಿರ ಅದಲು-ಬದಲು ಮಾಡೋಕೆ ಏನಿದೆ? ಅವರು ಕೂಲಿಗೇ ಹೋಗಬೇಕು. ಆ ಕೂಲಿಯಲ್ಲೂ ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಮೊದಲೇ ಸಮ ಇದ್ದವರ ನಡುವೆ ಮಾತ್ರ ನಡೆಯೋ ಸಮಾನತೆ ಉಳಿದವರನ್ನ ಬೇಲಿಯ ಆಚೆ ನಿಲ್ಲಿಸುತ್ತೆ.

‘ನಮ್ಮ ಟೀಮ್‌ನಲ್ಲಿ ಯಾರು ಬೇಕಾದ್ರೂ ಮಾತಾಡಬಹುದು, ಯಾರಿಗೂ ತಡೆ ಇಲ್ಲ’ ಅನ್ನೋ ಮಾತೂ ಹೀಗೇ. ಮಾತಾಡೋಕೆ ಬೇಕಾದ ಭಾಷೆ, ಸಮಯ, ಧೈರ್ಯ ಮೊದಲೇ ಕೈಯಲ್ಲಿದ್ದವರಿಗೆ ಅದು ನಿಜ. ಉಳಿದವರಿಗೆ ಇನ್ನೇನೋ ಬೇಕು.

ಬದು ಕೆಲಸದ ಜಾಗದ ನೆರಳು

ಆ ‘ಇನ್ನೇನೋ’ ಏನು ಅಂತ ಬರೆದಿಟ್ಟ ಒಂದು ಕಾಗದ ಇದೆ: 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ. ನಮ್ಮ ಬಾಯಲ್ಲಿ ‘ನರೇಗಾ’. 2006ರ ಫೆಬ್ರವರಿ 2ರಂದು ನಮ್ಮ ಪಕ್ಕದ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿ ಅನ್ನೋ ಹಳ್ಳಿಯಲ್ಲಿ ಇದಕ್ಕೆ ಚಾಲನೆ ಸಿಕ್ತು. ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಯಲ್ಲಿತ್ತು, ಹಾಗಾಗಿ ಮೊದಲ ಹಂತದಲ್ಲೇ ಬಂತು. ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿದ್ದವು, ಅವಕ್ಕೆ 2007ರ ಎರಡನೇ ಹಂತ. ಇವತ್ತು ಎಲ್ಲವೂ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿವೆ.

ಇದನ್ನ ನಾವು ‘ನೂರು ದಿನದ ಕೆಲಸ’ ಅಂತಷ್ಟೇ ತಿಳ್ಕೊಂಡಿರ್ತೀವಿ. ಎಂಜಿನಿಯರ್ ಕಣ್ಣಿಂದ ಆ ನಿಯಮಗಳನ್ನ ಓದಿದರೆ ಬೇರೇನೋ ಕಾಣುತ್ತೆ.

ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಕರ್ನಾಟಕದಲ್ಲಿ 2025–26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಕೆಲಸ ಪಡೆಯೋರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರಿರಬೇಕು. ಕೆಲಸ ಊರಿಂದ 5 ಕಿ.ಮೀ. ಒಳಗಿರಬೇಕು, ಅದಕ್ಕಿಂತ ದೂರವಾದರೆ ಕೂಲಿಗೆ ಶೇ 10 ಸೇರಿಸಿ ಕೊಡಬೇಕು. ಜಾಗದಲ್ಲಿ ಕುಡಿಯೋ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ಐದು ಅಥವಾ ಹೆಚ್ಚು ಸಣ್ಣ ಮಕ್ಕಳು ತಾಯಂದಿರ ಜೊತೆ ಬಂದರೆ, ಅವರನ್ನ ನೋಡ್ಕೊಳ್ಳೋಕೆ ಒಬ್ಬ ಹೆಂಗಸನ್ನ ನೇಮಿಸಬೇಕು, ಆಕೆಗೂ ಅದೇ ಕೂಲಿ. ನಮ್ಮ ರಾಜ್ಯದಲ್ಲಿ ಹಿರಿಯರಿಗೆ, ಅಂಗವಿಕಲರಿಗೆ, ಗರ್ಭಿಣಿ-ಬಾಣಂತಿಯರಿಗೆ ಕೆಲಸದ ಅಳತೆಯಲ್ಲಿ ಅರ್ಧ ರಿಯಾಯಿತಿ, ಕೂಲಿ ಮಾತ್ರ ಪೂರ್ತಿ. 2023ರ ರಾಜ್ಯ ಬಜೆಟ್‌ನಲ್ಲಿ ಇಂಥ ತಾಯಂದಿರ ಮಕ್ಕಳಿಗಾಗಿ ‘ಕೂಸಿನ ಮನೆ’ಗಳನ್ನೂ ಘೋಷಿಸಿದರು, 4,000 ಗ್ರಾಮ ಪಂಚಾಯಿತಿಗಳಿಗೆ.

ಇಲ್ಲಿ ಎಲ್ಲಾದರೂ ‘ಹೆಣ್ಣುಮಕ್ಕಳನ್ನ ಗೌರವಿಸಿ’, ‘ವಯಸ್ಸಾದವರ ಮೇಲೆ ಕರುಣೆ ಇರಲಿ’ ಅಂತ ಬೋಧನೆ ಇದೆಯಾ? ಇಲ್ಲ. ಯಾರು ಕೆಲಸಕ್ಕೆ ಬರೋಕೆ ಆಗ್ತಿಲ್ಲ, ಯಾಕೆ ಆಗ್ತಿಲ್ಲ ಅಂತ ಒಂದೊಂದೇ ತಡೆ ಹಿಡಿದು ನೋಡಿದ್ದಾರೆ. ಕೂಸು ಇದೆಯಾ? ನೋಡ್ಕೊಳ್ಳೋಕೆ ಒಬ್ಬರು. ದೂರವಾ? ಶೇ 10. ಬಿಸಿಲಾ? ನೆರಳು.

ಊರಲ್ಲಿ ಬದು ಕೆಲಸಕ್ಕೆ ಹೋಗೋ ಚಿಗವ್ವನನ್ನ ಒಮ್ಮೆ ಕೇಳಿದ್ದೆ, ‘ಗಂಡಸರಷ್ಟೇ ರೊಕ್ಕ ಕೊಡ್ತಾರಾ ಚಿಗವ್ವ?’ ಅಂತ. ‘ಅಳತಿನೂ ಒಂದಾ, ರೊಕ್ಕಾನೂ ಒಂದಾ. ಮಂದಿ ಹೊಲಕ್ಕ ಕೂಲಿಗೆ ಹ್ವಾದ್ರ ಹಂಗಿರಲ್ಲ ನೋಡವ್ವ’ ಅಂದಳು. ಅಷ್ಟೇ ಮಾತು. ಅದೇ ಊರು, ಅದೇ ಜನ, ಅದೇ ಸಲಿಕೆ. ಬದಲಾದದ್ದು ನಿಯಮ.

ಫಲ ಏನು? ಕಾಯ್ದೆ ಕೇಳಿದ್ದು ಮೂರನೇ ಒಂದು ಭಾಗ ಹೆಂಗಸರನ್ನ. ದೇಶದ ಲೆಕ್ಕದಲ್ಲಿ ಈ ಯೋಜನೆಯ ಮಾನವ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರದೇ ಆಯ್ತು. ಹಾಗಂತ ಎಲ್ಲಾ ಸರಿ ಇದೆ ಅಂತಲ್ಲ. ನೆರಳು ಎಷ್ಟೋ ಕಡೆ ಕಾಗದದಲ್ಲೇ ಉಳಿದಿದೆ, ಕೂಲಿ ತಡವಾಗುತ್ತೆ, ಹಾಜರಾತಿಯ ಆ್ಯಪ್ ನೆಟ್‌ವರ್ಕ್ ಇಲ್ಲದ ಗುಡ್ಡದಲ್ಲಿ ಕೈ ಕೊಡುತ್ತೆ. ಯೋಜನೆಯ ಹೆಸರು, ನಿಯಮಗಳೂ ಕಾಲಕಾಲಕ್ಕೆ ಬದಲಾಗ್ತವೆ. ನಮಗೆ ಬೇಕಿರೋದು ಅದರ ಹಿಂದಿನ ಯೋಚನೆ.

ಆಫೀಸಿನ ನೆರಳು ಯಾವುದು?

ಇದೇ ಪ್ರಶ್ನೆಗಳನ್ನ ನಮ್ಮ ಟೀಮ್‌ಗೆ ಕೇಳೋಣ.

ಕೂಸಿನ ಮನೆ: ಸಂಜೆ ಆರೂವರೆಯ ಮೀಟಿಂಗ್ ಯಾರನ್ನ ಹೊರಗಿಡುತ್ತೆ? ಮನೆಯಲ್ಲಿ ಮಗು ಅಥವಾ ಹಾಸಿಗೆ ಹಿಡಿದ ಹಿರಿಯರು ಇದ್ದವರನ್ನ. ಮುಖ್ಯ ನಿರ್ಧಾರಗಳು ಆ ಹೊತ್ತಲ್ಲಿ ಆಗಲ್ಲ ಅಂತ ಟೀಮ್‌ನ ನಿಯಮ ಮಾಡಿದರೆ ಯಾರೂ ಯಾರ ಹತ್ತಿರವೂ ಮುಖ ಸಣ್ಣ ಮಾಡ್ಕೊಂಡು ಪರ್ಮಿಷನ್ ಕೇಳಬೇಕಿಲ್ಲ.

5 ಕಿಲೋಮೀಟರ್: ಒಬ್ಬರು ಹಡಗಲಿಯಿಂದ ವರ್ಕ್ ಫ್ರಮ್ ಹೋಮ್, ಇನ್ನೊಬ್ಬರು ಅಮೆರಿಕದಲ್ಲಿ. ಎಂಟು ಜನ ಬೆಂಗಳೂರಿನ ಕಾನ್ಫರೆನ್ಸ್ ರೂಮಲ್ಲಿ ಕೂತು ನಗ್ತಾ ಮಾತಾಡಿದರೆ ದೂರದ ಇಬ್ಬರಿಗೆ ಕೇಳೋದು ಬರೀ ಗದ್ದಲ. ದೂರದವರಿಗೆ ನಾವು ಕೊಡಬೇಕಾದ ಶೇ 10 ಇದು: ಮೊದಲ ಮಾತು ಅವರದು, ಮೀಟಿಂಗ್ ಸಮಯದ ಕಷ್ಟ ಸರದಿಯಂತೆ ಎಲ್ಲರಿಗೂ, ಯಾವಾಗಲೂ ಅವರೊಬ್ಬರಿಗೇ ರಾತ್ರಿ ಹನ್ನೊಂದು ಅಲ್ಲ.

ಅಳತೆಯ ರಿಯಾಯಿತಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನ ಗುರುತಿಸುತ್ತೆ. ಅದರಲ್ಲಿ ಕಣ್ಣಿಗೆ ಕಾಣದ್ದೂ ಸುಮಾರಿವೆ. ಒಂದು ಸಣ್ಣ ಉದಾಹರಣೆ. ಎರರ್ ಬಂದಾಗ ನಾವು ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕ್ತೀವಿ. ಸ್ಕ್ರೀನ್ ರೀಡರ್ ಬಳಸೋ ದೃಷ್ಟಿಹೀನ ಸಹೋದ್ಯೋಗಿಗೆ ಚಿತ್ರ ಅನ್ನೋದು ಖಾಲಿ ಗೋಡೆ. ಅದೇ ಎರರ್‌ನ ಅಕ್ಷರಗಳನ್ನ ಕಾಪಿ ಮಾಡಿ ಹಾಕಿದರೆ ಅವರೂ ಓದ್ತಾರೆ. ಜೊತೆಗೆ ಆರು ತಿಂಗಳ ಮೇಲೆ ಅದೇ ಎರರ್ ಬಂದಾಗ ಸರ್ಚ್ ಮಾಡಿದರೆ ನಮಗೂ ಸಿಗುತ್ತೆ. ಒಬ್ಬರಿಗಾಗಿ ಹಾಕಿದ ನೆರಳಲ್ಲಿ ಎಲ್ಲರೂ ಕೂರ್ತಾರೆ. ವಿಡಿಯೊ ಕಾಲ್‌ನ ಕ್ಯಾಪ್ಷನ್ ಕೂಡ ಹಾಗೇ: ಕಿವಿ ಕೇಳದವರಿಗೆ ಬೇಕೇ ಬೇಕು, ಬಸ್ಸಲ್ಲಿ ಕೂತವರಿಗೂ ಉಪಯೋಗ.

ಕೂಸು ನೋಡ್ಕೊಳ್ಳೋರಿಗೂ ಕೂಲಿ: ಇದು ನನಗೆ ತುಂಬಾ ಇಷ್ಟವಾದ ನಿಯಮ. ಮಗು ನೋಡ್ಕೊಳ್ಳೋದೂ ಕೆಲಸ, ಗುಂಡಿ ತೋಡಿದಷ್ಟೇ ಕೆಲಸ ಅಂತ ಕಾಯ್ದೆ ಒಪ್ಪುತ್ತೆ. ಆಫೀಸಿನಲ್ಲೂ ಒಂದು ಮನೆಗೆಲಸ ಇರುತ್ತೆ. ಮಿನಿಟ್ಸ್ ಬರೆಯೋದು, ಹೊಸಬರಿಗೆ ಕೆಲಸ ಹೇಳಿಕೊಡೋದು, ಬರ್ತ್‌ಡೇ ಕೇಕ್ ತರಿಸೋದು, ಇಬ್ಬರ ಜಗಳ ಬಿಡಿಸೋದು. ಇದು ಯಾರ ಪಾಲಿಗೆ ಬೀಳುತ್ತೆ ಅಂತ ಎಣಿಸಿ ನೋಡಿ. ಬಹಳ ಕಡೆ ಹೆಣ್ಣುಮಕ್ಕಳ ಪಾಲಿಗೆ. ಅಪ್ರೈಸಲ್ ದಿನ ಮಾತ್ರ ಇದರ ಹೆಸರೇ ಬರಲ್ಲ. ಸರದಿ ಪಟ್ಟಿ ಹಾಕಿ, ಅಪ್ರೈಸಲ್‌ನಲ್ಲಿ ಬರೆಯಿರಿ. ಎರಡೂ ಮಾಡಬೇಕು, ಒಂದೇ ಸಾಲದು.

‘ಸದ್ದಲೇ’ ಅನ್ನೋರು ಬೇಕು

ಹೊಳಲಿಗೆ ಹತ್ತಿರದಲ್ಲೇ ಮೈಲಾರ. ಭರತ ಹುಣ್ಣಿಮೆಯ ಜಾತ್ರೆ ಹೊತ್ತಿಗೆ ಅಲ್ಲಿ ಕಾರ್ಣಿಕ ನಡೆಯುತ್ತೆ. ಉಪವಾಸ ಇದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಅಂತ ಕೂಗ್ತಾರೆ. ಅಷ್ಟೇ. ಲಕ್ಷಾಂತರ ಜನ ಒಮ್ಮೆಲೇ ಗಪ್‌ಚುಪ್. ಆಮೇಲೆ ಬರೋದು ಒಂದೇ ಒಂದು ಸಾಲಿನ ನುಡಿ. ಅದು ಮಳೆಯದೋ, ಬೆಳೆಯದೋ, ರಾಜಕೀಯದ್ದೋ ಅಂತ ಜನ ವರ್ಷವಿಡೀ ಅರ್ಥ ಹೇಳ್ತಾರೆ.

ಕಾರ್ಣಿಕದ ನಂಬಿಕೆಯ ಮಾತು ಬದಿಗಿರಲಿ. ಅಷ್ಟು ಜನರ ನಡುವೆ ಒಬ್ಬರ ಒಂದು ಸಾಲು ಕೇಳಿಸೋದು ಅವರ ದನಿ ದೊಡ್ಡದು ಅಂತಲ್ಲ, ಉಳಿದವರು ಸುಮ್ಮನಿರೋಕೆ ಒಪ್ಪಿದ್ದಾರೆ ಅಂತ. ಮೈಕ್ ಇಲ್ಲದ ಕಾಲದಲ್ಲೂ ಅದು ನಡೆದದ್ದು ಹಾಗೇ.

ಮೀಟಿಂಗ್‌ಗಳಲ್ಲಿ ಮೆತ್ತಗೆ ಮಾತಾಡೋರಿಗೆ ‘ಸ್ವಲ್ಪ ಜೋರಾಗಿ, ಕಾನ್ಫಿಡೆಂಟಾಗಿ ಮಾತಾಡಿ’ ಅಂತ ಸಲಹೆ ಕೊಡ್ತೀವಿ. ಜೋರಾಗಿ ಮಾತಾಡೋರಿಗೆ ‘ಸದ್ದಲೇ’ ಅನ್ನೋರು ಯಾರು? ಇದು ಕಲಿಯಬಹುದಾದ ಕೌಶಲ, ಮತ್ತು ಇದಕ್ಕೆ ಮ್ಯಾನೇಜರೇ ಆಗಬೇಕಿಲ್ಲ. ‘ಒಂದ್ನಿಮಿಷ, ಅವರು ಮಾತು ಮುಗಿಸಲಿ.’ ‘ಇದನ್ನ ಮೊದಲು ಹೇಳಿದ್ದು ಅವರೇ ಅಲ್ವಾ? ಅವರೇ ಮುಂದುವರಿಸಲಿ.’ ಇಂಥ ಎರಡು ವಾಕ್ಯ ಬಾಯಿಪಾಠ ಇದ್ದರೆ ಸಾಕು. ತಮಗಾಗಿ ಹೇಳ್ಕೊಳ್ಳೋದು ಕಷ್ಟ, ಜಗಳಗಂಟರು ಅನ್ನಿಸ್ಕೋಬೇಕಾಗುತ್ತೆ. ಪಕ್ಕದಲ್ಲಿದ್ದವರು ಹೇಳೋದು ಸುಲಭ.

ಇನ್ನೊಂದು ಉಪಾಯ ಕಾಗದದ್ದು. ಚರ್ಚೆಯ ವಿಷಯ ಹಿಂದಿನ ದಿನವೇ ಎರಡು ಪ್ಯಾರಾ ಬರೆದು ಕಳಿಸಿ. ಮೀಟಿಂಗ್‌ನ ಮೊದಲ ಐದು ನಿಮಿಷ ಎಲ್ಲರೂ ಓದಿ ಅಭಿಪ್ರಾಯ ಬರೀಲಿ, ಆಮೇಲೆ ಮಾತು. ಕನ್ನಡ ಮೀಡಿಯಂನಲ್ಲಿ ಓದಿ ಬಂದ ನಮ್ಮಂಥ ಎಷ್ಟೋ ಜನರಿಗೆ ಯೋಚನೆ ನಿಧಾನ ಅಲ್ಲ, ಅದನ್ನ ಇಂಗ್ಲಿಷ್ ಮಾತಿಗೆ ಇಳಿಸೋದು ನಿಧಾನ. ಬರೆಯೋಕೆ ಐದು ನಿಮಿಷ ಸಿಕ್ಕರೆ ಆ ಅಂತರ ಹೋಗುತ್ತೆ.

ವೇದಿಕೆ ಬೇರೆ, ಕುರ್ಚಿ ಬೇರೆ

ನಮ್ಮ ಜಿಲ್ಲೆಯ ಮರಿಯಮ್ಮನಹಳ್ಳಿ ಹೆಸರು ಕೇಳಿದರೆ ಕಲಾವಿದರು ನೆನಪಾಗ್ತಾರೆ. ಮಂಜಮ್ಮ ಜೋಗತಿ ಅಲ್ಲಿಯವರು. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಕಲಾವಿದೆ. ಕಾಳವ್ವ ಜೋಗತಿಯವರ ತಂಡ ಸೇರಿ, ತಲೆ ಮೇಲೆ ಕೊಡ ಹೊತ್ತು ಕುಣಿಯೋ ಜೋಗತಿ ನೃತ್ಯವನ್ನ ಊರೂರಿಗೆ ಒಯ್ದವರು, ಕಾಳವ್ವನವರ ನಂತರ ತಂಡ ಮುನ್ನಡೆಸಿದವರು. 

ಜೋಗತಿಯರಿಗೆ ಜಾತ್ರೆಯ ಅಂಗಳ ಮೊದಲಿಂದಲೂ ಇತ್ತು. ಜನ ನೋಡ್ತಿದ್ದರು, ಕೈ ಮುಗೀತಿದ್ದರು, ದುಡ್ಡು ಹಾಕ್ತಿದ್ದರು. ಕುಣಿತ ಮುಗಿದ ಮೇಲೆ ಬಾಡಿಗೆಗೆ ಮನೆ ಕೇಳಿದರೆ, ಕೆಲಸ ಕೇಳಿದರೆ ಬಾಗಿಲು ಮುಚ್ಚುತ್ತಿತ್ತು. 2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಆ ಸಮುದಾಯದಿಂದ ಆ ಕುರ್ಚಿಗೆ ಬಂದ ಮೊದಲಿಗರು. 2021ರಲ್ಲಿ ಪದ್ಮಶ್ರೀ. ರಾಷ್ಟ್ರಪತಿ ಭವನದಲ್ಲಿ ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತೆ. ಅದೇ ವರ್ಷ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1 ಮೀಸಲಾತಿ ತಂತು.

ವಿಡಿಯೊಗಿಂತ ನನಗೆ ದೊಡ್ಡದಾಗಿ ಕಾಣೋದು ಅಕಾಡೆಮಿಯ ಕುರ್ಚಿ. ವೇದಿಕೆ ಮೇಲೆ ಕರೆದು ಚಪ್ಪಾಳೆ ಹೊಡೆಯೋದು ಸುಲಭ. ಯಾವ ಕಲಾವಿದರಿಗೆ ಪ್ರಶಸ್ತಿ ಕೊಡಬೇಕು, ಯಾವ ಕಲೆಗೆ ಹಣ ಹೋಗಬೇಕು ಅಂತ ಚರ್ಚೆಯಾಗೋ ಮೇಜಿನ ಮುಂದೆ ಕೂರಿಸೋದು ಬೇರೆ. ಕಂಪನಿಯ ಪೋಸ್ಟರ್‌ನಲ್ಲಿ, ಮಹಿಳಾ ದಿನದ ಫೋಟೊದಲ್ಲಿ ಎಲ್ಲರೂ ಇರ್ತಾರೆ. ಹೈರಿಂಗ್ ಪ್ಯಾನೆಲ್‌ನಲ್ಲಿ ಯಾರಿದ್ದಾರೆ? ಡಿಸೈನ್‌ಗೆ ಅಂತಿಮ ಒಪ್ಪಿಗೆ ಕೊಡೋರು ಯಾರು? ಟೀಮ್ ಎಲ್ಲರದಾ ಅಂತ ತಿಳಿಯೋಕೆ ಈ ಎರಡು ಪ್ರಶ್ನೆ ಸಾಕು.

ಅಧ್ಯಕ್ಷೆ ಒಳಗೆ, ನಿರ್ಧಾರ ಹೊರಗೆ

ಕುರ್ಚಿ ಕೊಟ್ಟರೂ ಮುಗೀಲಿಲ್ಲ ಅನ್ನೋದಕ್ಕೆ ನಮ್ಮ ಪಂಚಾಯಿತಿಗಳೇ ಸಾಕ್ಷಿ. ಅಬ್ದುಲ್ ನಜೀರ್‌ಸಾಬ್ ಸಚಿವರಾಗಿದ್ದಾಗ ಬಂದ 1983ರ ಕಾಯ್ದೆಯ ಪ್ರಕಾರ 1987ರಲ್ಲಿ ಚುನಾವಣೆ ನಡೆದಾಗ ಕರ್ನಾಟಕ ಹೆಂಗಸರಿಗೆ ಶೇ 25 ಸ್ಥಾನ ಮೀಸಲಿಟ್ಟಿತ್ತು. ಸಂವಿಧಾನದ 73ನೇ ತಿದ್ದುಪಡಿ ಇಡೀ ದೇಶಕ್ಕೆ ಮೂರನೇ ಒಂದು ಭಾಗ ಅಂತ ಹೇಳಿದ್ದು ಅದಾದ ಎಷ್ಟೋ ವರ್ಷಕ್ಕೆ, 1993ರಲ್ಲಿ. 2010ರಿಂದ ನಮ್ಮಲ್ಲಿ ಅದು ಅರ್ಧಕ್ಕೆ ಏರಿತು.

ಆದರೂ ‘ಅಧ್ಯಕ್ಷರ ಗಂಡ’ ಅನ್ನೋ ಹುದ್ದೆ ಯಾವ ಕಾಯ್ದೆಯಲ್ಲೂ ಇಲ್ಲದೆ ಎಷ್ಟೋ ಊರಲ್ಲಿ ಹುಟ್ಟಿಕೊಂಡಿತು. ಸಹಿ ಒಳಗೆ, ನಿರ್ಧಾರ ಹೊರಗಿನ ಚಹಾದಂಗಡಿಯಲ್ಲಿ. ಅದನ್ನ ಮೀರಿ ಬೆಳೆದ ಅಧ್ಯಕ್ಷೆಯರೂ ಕಮ್ಮಿ ಇಲ್ಲ. ಮೊದಲ ಅವಧಿಯಲ್ಲಿ ಮಾತಾಡದವರು ಎರಡನೇ ಸಲಕ್ಕೆ ಕಡತ ಓದಿ ಪಿಡಿಒಗೆ ಪ್ರಶ್ನೆ ಕೇಳಿದ್ದಾರೆ.

ನಗಬೇಡಿ, ನಮ್ಮಲ್ಲೂ ಚಹಾದಂಗಡಿ ಇದೆ. ಪ್ರಾಜೆಕ್ಟ್ ಲೀಡ್ ಒಬ್ಬರು, ಆದರೆ ಆರ್ಕಿಟೆಕ್ಚರ್ ತೀರ್ಮಾನ ಆಗೋದು ಸಿಗರೇಟ್ ಬ್ರೇಕ್‌ನಲ್ಲಿ, ಕ್ರಿಕೆಟ್ ಆಡೋ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ, ಶುಕ್ರವಾರ ರಾತ್ರಿಯ ಪಾರ್ಟಿಯಲ್ಲಿ. ಅಲ್ಲಿಗೆ ಹೋಗದವರಿಗೆ ಸೋಮವಾರ ಬರೀ ಸುದ್ದಿ ತಿಳಿಯುತ್ತೆ. ಇದಕ್ಕೆ ಮದ್ದು ಪಾರ್ಟಿ ನಿಲ್ಲಿಸೋದಲ್ಲ. ಬರೆದು ಎಲ್ಲರಿಗೂ ತೋರಿಸಿ, ಒಂದು ದಿನ ಆಕ್ಷೇಪಕ್ಕೆ ಬಿಡದ ಯಾವ ತೀರ್ಮಾನವೂ ತೀರ್ಮಾನ ಅಲ್ಲ ಅಂತ ಒಪ್ಪಿಕೊಳ್ಳೋದು.

ಭಾಷೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಲಂಚ್‌ನಲ್ಲಿ ಎಲ್ಲರೂ ಹಿಂದಿಯಲ್ಲಿ ನಗ್ತಿದ್ದರೆ ನಮಗೆ ಕಸಿವಿಸಿ ಆಗುತ್ತೆ. ನಾವು ಆರು ಜನ ಕನ್ನಡದವರು ಸೇರಿದಾಗ ಪಕ್ಕದಲ್ಲಿ ಕೂತ ಮಣಿಪುರದ ಹುಡುಗನಿಗೂ ಅಷ್ಟೇ ಕಸಿವಿಸಿ. ನಮ್ಮ ಕನ್ನಡದೊಳಗೂ ಮೆಟ್ಟಿಲುಗಳಿವೆ: ‘ಹ್ವಾದೆ, ಬಂದ್ಯಾ’ ಅಂದ ಕೂಡಲೇ ಅಣಕಿಸಿ ನಗೋರು ಇದ್ದೇ ಇರ್ತಾರೆ. ಪ್ರೀತಿಯಿಂದ ಅಂತಾರೆ. ಮೂರನೇ ಸಲ ನಕ್ಕ ಮೇಲೆ ಆ ಮನುಷ್ಯ ಮಾತೇ ಕಮ್ಮಿ ಮಾಡ್ತಾನೆ, ಅದು ಯಾರ ಗಮನಕ್ಕೂ ಬರಲ್ಲ.

ಸೋಮವಾರದಿಂದ ಏನು ಮಾಡಬಹುದು?

ಎಲ್ಲಾ ಒಟ್ಟಿಗೆ ಬೇಡ. ಒಂದು ತಿಂಗಳು ಇಷ್ಟು ಮಾಡಿ ನೋಡಿ.

ಒಂದು, ಎಣಿಸಿ. ನಾಲ್ಕು ಮೀಟಿಂಗ್‌ನಲ್ಲಿ ಯಾರು ಮಾತಾಡಿದರು, ಯಾರು ಮಿನಿಟ್ಸ್ ಬರೆದರು, ಯಾರು ರಿವ್ಯೂ ಮಾಡಿದರು ಅಂತ ಗೀಟು ಹಾಕಿ. ಯಾರನ್ನೂ ದೂರಬೇಡಿ, ಪಟ್ಟಿ ತೋರಿಸಿ ಸಾಕು. ಅಂಕಿ ನೋಡಿದರೆ ನಮ್ಮ ಮಂದಿ ಒಪ್ತಾರೆ.

ಎರಡು, ಕೇಳಿ. ಸುಮ್ಮನಿರೋರನ್ನ ಎಲ್ಲರೆದುರು ‘ಯಾಕೆ ಮಾತಾಡಲ್ಲ?’ ಅಂತ ಕೇಳಬೇಡಿ. ಒಬ್ಬರೇ ಸಿಕ್ಕಾಗ ‘ಯಾವುದು ಬದಲಾದರೆ ನಿಮಗೆ ಅನುಕೂಲ?’ ಅಂತ ಕೇಳಿ. ಉತ್ತರ ನಾವು ಅಂದುಕೊಂಡದ್ದೇ ಆಗಿರಬೇಕಿಲ್ಲ. ಸಮಯ ಇರಬಹುದು, ಹೆಡ್‌ಫೋನ್ ಇರಬಹುದು, ಒಬ್ಬ ಮನುಷ್ಯನೂ ಇರಬಹುದು.

ಮೂರು, ಒಂದು ನಿಯಮ ಬರೆಯಿರಿ. ಒಂದೇ ಒಂದು. ‘ಆರರ ಮೇಲೆ ತೀರ್ಮಾನ ಇಲ್ಲ’ ಅಂತಲೋ, ‘ಮಿನಿಟ್ಸ್ ಸರದಿಯಲ್ಲಿ’ ಅಂತಲೋ. ಬರೆದದ್ದು ಉಳಿಯುತ್ತೆ, ಒಳ್ಳೆ ಮ್ಯಾನೇಜರ್ ವರ್ಗವಾಗಿ ಹೋದ ಮೇಲೂ ಉಳಿಯುತ್ತೆ. ಒಬ್ಬರ ಒಳ್ಳೇತನ ನಂಬಿ ನಿಂತ ಟೀಮ್ ಅವರ ಹಿಂದೆಯೇ ಹೋಗಿಬಿಡುತ್ತೆ.

ಹೀಗೆ ಮಾಡ್ತಾ ಹೋದರೆ ಮನಸ್ಸು ಬದಲಾಗಲ್ವಾ? ಆಗುತ್ತೆ, ನಿಧಾನಕ್ಕೆ. ಒಂದೇ ಅಳತೆಗೆ ಒಂದೇ ರೊಕ್ಕ ಎಣಿಸಿಕೊಂಡ ಹೆಂಗಸು ಮುಂದಿನ ಸಲ ಹೊಲದ ಕೂಲಿ ಮಾತಾಡುವಾಗ ದನಿ ಎತ್ತುತ್ತಾಳೆ. ಎರಡು ಸಲ ಕೇಳಿಸ್ಕೊಂಡ ಹುಡುಗ ಮೂರನೇ ಸಲ ತಾನೇ ಮೈಕ್ ಆನ್ ಮಾಡ್ತಾನೆ. ಏರ್ಪಾಟು ಮೊದಲು ಬರುತ್ತೆ, ನಂಬಿಕೆ ಅದರ ಹಿಂದೆ ಬರುತ್ತೆ.

ನಮ್ಮ ಭಾಷೆಯಲ್ಲಿ ‘ಮುಯ್ಯಿ’ ಅನ್ನೋ ಪದಕ್ಕೆ ಎರಡು ಅರ್ಥ. ಮದುವೆಯಲ್ಲಿ ಕೊಡೋ ಉಡುಗೊರೆಯೂ ಮುಯ್ಯಿ, ಸೇಡು ತೀರಿಸ್ಕೊಳ್ಳೋದೂ ಮುಯ್ಯಿ. ಕೊಟ್ಟದ್ದು ತಿರುಗಿ ಬರುತ್ತೆ, ಒಳ್ಳೇದಾದ್ರೂ ಕೆಟ್ಟದಾದ್ರೂ. ಇವತ್ತು ಟೀಮ್‌ನಲ್ಲಿ ಯಾರ ಮಾತನ್ನ ಅರ್ಧಕ್ಕೆ ತಡೀತೀವೋ, ನಾಳೆ ದೊಡ್ಡ ತಪ್ಪೊಂದು ಕಣ್ಣಿಗೆ ಬಿದ್ದಾಗ ಅವರು ಹೇಳದೆ ಸುಮ್ಮನಿರಬಹುದು. ಯಾರಿಗೆ ನೆರಳು ಮಾಡಿ ಕೊಡ್ತೀವೋ, ರಿಲೀಸ್ ಹಿಂದಿನ ರಾತ್ರಿ ‘ಇಲ್ಲಿ ಏನೋ ಸರಿಯಿಲ್ಲ ನೋಡಿ’ ಅಂತ ಫೋನ್ ಮಾಡೋರು ಅವರೇ ಆಗಿರ್ತಾರೆ.